ಲೋವೆಲ್ ಸ್ಟ್ರೂಪ್ ಮತ್ತು ಹಸಿರು ಚುಕ್ಕೆ

ನಮ್ಮ ಪಿಸ್ತೂಲು ಕ್ಲಬ್ಬಿನಲ್ಲಿ ಲೋವೆಲ್ ಸ್ಟ್ರೂಪ್‌ನಿಂದ ಬೈಸಿಕೊಳ್ಳದವರು ಒಬ್ಬರೂ ಇಲ್ಲ. ಕಿವಿಮುಚ್ಚಳ ಹಾಕದೆ ಗುಂಡು ಹೊಡೆಯುವ ಗೆರೆಯ ಹತ್ತಿರ ಬಂದರೆ ಬೈಗುಳ, ಕೈಯಲ್ಲಿ ಪಿಸ್ತೂಲು ಹಿಡಿದು ಪಕ್ಕದವರ ಮಾತಿಗೆ ತಲೆ ತಿರುಗಿಸಿದರೆ ಇನ್ನೂ ದೊಡ್ಡ ಬೈಗುಳ. ಪಾದ್ರಿಯವರಿಗೂ ಒಮ್ಮೆ ಸರಿಯಾಗಿಯೇ ಬಿದ್ದಿತ್ತು. ನಾನು ಕ್ಲಬ್ಬಿನ ಕಾರ್ಯದರ್ಶಿ. ನನಗೆ ಬಿದ್ದದ್ದರ ಲೆಕ್ಕ ಇಡುವುದನ್ನು ಬಿಟ್ಟು ವರ್ಷಗಳಾದವು.

ಲೋವೆಲ್ ಮೂವತ್ತನಾಲ್ಕು ವರ್ಷ ಅಡುಗೆ ಗ್ಯಾಸಿನ ಟ್ಯಾಂಕರ್ ಓಡಿಸಿದವನು. ಮಿಸೌರಿಯ ಈ ಗುಡ್ಡದ ರಸ್ತೆಗಳಲ್ಲಿ, ಹಿಮ ಬಿದ್ದ ದಿನಗಳಲ್ಲೂ ಒಂದು ಕಿಡಿ ಹಾರಿಸದೆ ಮನೆಗೆ ಬಂದೆ ಎಂಬುದು ಅವನ ಹೆಮ್ಮೆ. ಹುಟ್ಟುಹಬ್ಬದ ಕೇಕಿನ ಮೇಲಿನ ಮೇಣದಬತ್ತಿ ಕಂಡರೂ ಈಗಲೂ ಅವನ ಹುಬ್ಬು ಗಂಟಾಗುತ್ತದೆ. ಇಂಥವನಿಗೆ ಹಳೆಯ ಸುಣ್ಣಕಲ್ಲಿನ ಗಣಿಯಲ್ಲಿರುವ ನಮ್ಮ ಮೈದಾನದ ಉಸ್ತುವಾರಿ ಸಿಕ್ಕಿದ್ದು ಹೇಳಿ ಮಾಡಿಸಿದ ಹಾಗಿತ್ತು. ಇಪ್ಪತ್ತೆರಡು ವರ್ಷ ಪ್ರತಿ ಗುರುವಾರ ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟು, ಕೊರಳಿಗೆ ಸೀಟಿ ಹಾಕಿಕೊಂಡು ನಿಂತ. ಅವನು "ಗೆರೆ ಖಾಲಿ" ಎಂದು ಕೂಗಿದ ಮೇಲೆಯೇ ನಾವು ಗುರಿಗಳ ಕಡೆ ಹೆಜ್ಜೆ ಇಡಬೇಕು. ನಾವೆಲ್ಲ ಹಿಂದೆ ಬಂದೆವೆಂದು ಅವನು ಎಣಿಸಿದ ಮೇಲೆಯೇ ಮುಂದಿನ ಗುಂಡು ಹಾರಬೇಕು.

ಟೈರ್ ಅಂಗಡಿಯ ಡ್ಯೂಯಿ ಒಂದು ಸಲ ತನ್ನ ಟ್ರಕ್ಕಿನ ಸೀಟಿನ ಕೆಳಗೆ ಬಿದ್ದ ಕೀಲಿ ಹುಡುಕಲು ಪಿಸ್ತೂಲಿಗೆ ಕಟ್ಟಿದ ದೀಪವನ್ನು ಹಚ್ಚಿದ. ದೀಪದ ಜೊತೆ ಪಿಸ್ತೂಲೂ ಸೀಟಿನ ಕೆಳಗೆ ಇಣುಕಿತು. ಲೋವೆಲ್ ಅದನ್ನು ಕಂಡ.

"ಲೋ ಡ್ಯೂಯಿ! ಅದು ಟಾರ್ಚಾ?"

"ಖಾಲಿ ಇದೆ ಲೋವೆಲ್, ಗುಂಡಿಲ್ಲ..."

"ಟಾರ್ಚಿಗೆ ಗುಂಡು ಯಾಕೆ ಬೇಕು? ಟಾರ್ಚ್ ಬೇಕಿದ್ರೆ ಟಾರ್ಚ್ ಕೊಂಡ್ಕೋ. ಎರಡು ವಾರ ಈ ಕಡೆ ಮುಖ ಹಾಕ್ಬೇಡ."

ಡ್ಯೂಯಿ ಎರಡು ವಾರ ಬರಲಿಲ್ಲ. ಮೂರನೆಯ ವಾರ ಲೋವೆಲ್‌ಗೆ ತೋರಿಸಲೆಂದೇ ಹಣೆಗೆ ಟಾರ್ಚ್ ಕಟ್ಟಿಕೊಂಡು ಬಂದ, ಅದೂ ಮಟಮಟ ಮಧ್ಯಾಹ್ನ.

ಇಷ್ಟು ಬಿಗಿ ಯಾಕೆಂದು ಹೊಸಬರು ಕೇಳುತ್ತಾರೆ. ಲೋವೆಲ್‌ಗಿಂತ ಮುಂಚೆ ಬರ್ಡೆಟ್ ಎಂಬ ಮುದುಕರು ಉಸ್ತುವಾರಿಯಲ್ಲಿದ್ದರು. ಒಳ್ಳೆಯ ಮನುಷ್ಯ, ಕಣ್ಣು ಮಾತ್ರ ಮಂಜಾಗಿತ್ತು. ಅದನ್ನು ಅವರಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಒಂದು ದಿನ ನಾನು ಇನ್ನೂ ಗುರಿಯ ಹತ್ತಿರ ಕಾಗದ ಅಂಟಿಸುತ್ತಿರುವಾಗಲೇ ಅವರು "ಎಲ್ಲ ಬಂದಾಯ್ತು, ಹೊಡೀರಿ" ಎಂದರು. ಗುಂಡು ನನ್ನಿಂದ ಒಂದು ತೋಳು ದೂರದ ಕಂಬಕ್ಕೆ ಬಡಿಯಿತು. ನನಗೇನೂ ಆಗಲಿಲ್ಲ. ಆ ಸಂಜೆಯೇ ಲೋವೆಲ್ ತನ್ನ ಅಡುಗೆಮನೆಯ ಮೇಜಿನ ಮುಂದೆ ಕೂತು ನಿಯಮ ನಾಲ್ಕನ್ನು ಬರೆದ. ಉಸ್ತುವಾರಿಯಲ್ಲಿರುವವರು ಪ್ರತಿ ನವೆಂಬರಿನಲ್ಲಿ ಹೊರಗೆ ಆರು ಉಕ್ಕಿನ ತಟ್ಟೆ, ಕತ್ತಲೆ ಶೆಡ್ಡಿನಲ್ಲಿ ಆರು ತಟ್ಟೆ ಹೊಡೆಯಬೇಕು, ತಲಾ ಹತ್ತು ಸೆಕೆಂಡು. ಒಂದೇ ಅವಕಾಶ. ತಪ್ಪಿದರೆ ಜಾಕೆಟ್ ಅಲ್ಲೇ ಬಿಚ್ಚಬೇಕು, ಆ ದಿನ ಹನ್ನೆರಡನ್ನೂ ಯಾರು ಹೊಡೆಯುತ್ತಾರೋ ಅವರು ತೊಡಬೇಕು.

ಲೋವೆಲ್‌ಗೆ ಎಪ್ಪತ್ತೆರಡಾಯಿತು. ಹೋದ ವರ್ಷ ಅವನು ಹನ್ನೆರಡನ್ನೂ ಹೊಡೆದದ್ದು ಅಭ್ಯಾಸದ ಬಲದಿಂದ, ಕಣ್ಣಿನಿಂದಲ್ಲ. ದೂರದ್ದೆಲ್ಲ ಅವನಿಗೆ ಚೆನ್ನಾಗಿಯೇ ಕಾಣುತ್ತಿತ್ತು, ಕೈತುದಿಯಲ್ಲಿರುವ ಪಿಸ್ತೂಲಿನ ಮೂತಿಯ ಮೇಲಿನ ಗುರಿ ಹಿಡಿಯುವ ಕಡ್ಡಿ ಮಾತ್ರ ಎರಡಾಗಿ, ಮೂರಾಗಿ ಕಾಣುತ್ತಿತ್ತು. ನಮಗೆಲ್ಲ ಗೊತ್ತಿತ್ತು. ಬರ್ಡೆಟ್ ಕಾಲದ ಹಾಗೆ ಈಗಲೂ ಯಾರೂ ಬಾಯಿ ಬಿಡಲಿಲ್ಲ, ನಾನೂ ಬಿಡಲಿಲ್ಲ. ನನಗೆ ನಾಚಿಕೆಯಾಗಬೇಕಿತ್ತು, ಆಯಿತು ಕೂಡ.

ಬಾಯಿ ಬಿಟ್ಟವಳು ಅವನ ಹೆಂಡತಿ ಮಾರ್ಲಿಸ್. ಕಣ್ಣಿನ ಡಾಕ್ಟರ ಕ್ಲಿನಿಕ್ಕಿನ ಕೌಂಟರಿನಲ್ಲಿ ಇಪ್ಪತ್ತು ವರ್ಷ ಕೂತವಳು. ಗುರುವಾರಗಳಂದು ಕ್ಲಬ್ಬಿಗೆ ತಾನೂ ಬಂದು, ಕೊನೆಯ ಜಾಗದಲ್ಲಿ ನಿಂತು, ಸದ್ದಿಲ್ಲದೆ ಹೊಡೆದು ಹೋಗುವವಳು. ದನದ ಮೇವು ಮಾರುವ ನನ್ನ ಅಂಗಡಿಗೆ ಕೋಳಿಕಾಳು ಒಯ್ಯಲು ಬಂದಾಗ ಮಾತ್ರ ಎಲ್ಲವನ್ನೂ ಹೇಳುತ್ತಾಳೆ.

"ಚುಕ್ಕೆ ಹಾಕಿಸ್ಕೋ ಅಂತ ಆರು ವರ್ಷದಿಂದ ಬಡ್ಕೊಂಡೆ," ಎಂದಳು. "ಟೀವಿ ನೋಡ್ಕೊಂಡು ಗುಂಡು ಹೊಡೆಯೋ ಆಸಾಮಿ ನಾನಲ್ಲ ಅಂತಾನೆ."

ಚುಕ್ಕೆ ಎಂದರೆ ಪಿಸ್ತೂಲಿನ ಬೆನ್ನ ಮೇಲೆ ಕೂರಿಸುವ, ಅಂಚೆಚೀಟಿಯಷ್ಟು ಅಗಲದ ಗಾಜಿನಲ್ಲಿ ಹೊಳೆಯುವ ಬೊಟ್ಟು. ಅದು ಎಲ್ಲಿ ಕೂತಿತೋ ಗುಂಡು ಅಲ್ಲಿಗೆ. ಕಡ್ಡಿಯನ್ನೂ ಗುರಿಯನ್ನೂ ಸಾಲಾಗಿ ಹಿಡಿಯುವ ಗೋಜಿಲ್ಲ. ಕಣ್ಣು ಗುರಿಯ ಮೇಲಿದ್ದರೆ ಸಾಕು. ಲೋವೆಲ್ ಒಮ್ಮೆ ಡ್ಯೂಯಿಯ ಕೆಂಪು ಚುಕ್ಕೆಯಲ್ಲಿ ಇಣುಕಿ ನೋಡಿದ್ದ.

"ಇದು ಚುಕ್ಕೆನಾ? ಚಕ್ರ ಹತ್ತಿದ ಟೊಮೇಟೊ!"

ನಾವೆಲ್ಲ ಸರದಿಯಲ್ಲಿ ನೋಡಿ ದುಂಡಗಿದೆ ಎಂದೆವು. ದುಡ್ಡು ಸುರಿದ ಮೇಲೆ ಟೊಮೇಟೊ ಎಂದು ಒಪ್ಪಿಕೊಳ್ಳಲು ನಮಗೆ ಅವಮಾನ, ಅದಕ್ಕೇ ಎಲ್ಲರೂ ಸೇರಿ ಸುಳ್ಳು ಹೇಳುತ್ತಿದ್ದೇವೆ ಎಂದೇ ಅವನು ಆರು ವರ್ಷ ನಂಬಿದ್ದ. ಮಾರ್ಲಿಸ್ ಮನೆಗೆ ಹೋಗಿ ಹೇಳಿದಳಂತೆ: "ಚುಕ್ಕೆ ದುಂಡಗೇ ಇದೆ ಮಾರಾಯ, ನಿನ್ನ ಕಣ್ಣು ಸೊಟ್ಟ. ಕೆಲವರ ಕಣ್ಣಿಗೆ ಕೆಂಪು ಹರಡುತ್ತೆ, ಹಸಿರು ನಿಲ್ಲುತ್ತೆ. ಎಷ್ಟು ಜನರನ್ನ ನೋಡಿಲ್ಲ ನಾನು!"

ಸೆಪ್ಟೆಂಬರಿನಲ್ಲಿ ಅವನ ಹುಟ್ಟುಹಬ್ಬಕ್ಕೆ ಹಸಿರು ಚುಕ್ಕೆಯ ಗಾಜನ್ನೂ ನಳಿಗೆಯ ಕೆಳಗೆ ಕಟ್ಟುವ ದೀಪವನ್ನೂ ತಾನೇ ತರಿಸಿ, ಪಟ್ಟಣದ ಬಂದೂಕು ರಿಪೇರಿಯವನಿಂದ ಕೂರಿಸಿಕೊಂಡು ಬಂದಳು. ಲೋವೆಲ್ ಮುಖ ಗಂಟಿಕ್ಕಿಕೊಂಡೇ ಪಿಸ್ತೂಲನ್ನು ಗೋಡೆಯ ಕಡೆ ಎತ್ತಿದ. ಬಹಳ ಹೊತ್ತು ಇಳಿಸಲಿಲ್ಲ.

"ಬಟಾಣಿ," ಎಂದನಂತೆ. ಆಮೇಲೆ ಸಣ್ಣ ದನಿಯಲ್ಲಿ, "ದುಂಡಗಿದೆ ಕಣೇ."

ಇದನ್ನು ಹೇಳುವಾಗ ಮಾರ್ಲಿಸ್ ಕೋಳಿಕಾಳಿನ ಚೀಲದ ದಾರವನ್ನು ಸುಮ್ಮನೆ ಬಿಚ್ಚಿ ಕಟ್ಟುತ್ತಿದ್ದಳು.

ಅಲ್ಲಿಂದ ಅವನ ಗುಟ್ಟಿನ ತಾಲೀಮು ಶುರುವಾಯಿತು. ಪಿಸ್ತೂಲು ಖಾಲಿ ಇದೆಯೆಂದು ಮೂರು ಸಲ ನೋಡಿ, ಮಾರ್ಲಿಸ್‌ಗೂ ತೋರಿಸಿ, ಬೀರುವಿನ ಹಿಡಿಗೆ ಗುರಿ ಹಿಡಿಯುತ್ತಿದ್ದ. ಮೊದಲ ವಾರ ಚುಕ್ಕೆಯೇ ಸಿಗಲಿಲ್ಲ. ಪಿಸ್ತೂಲು ಎತ್ತಿ, ಗಾಜು ಖಾಲಿ ಕಂಡು, ಮಣಿಕಟ್ಟನ್ನು ಮೇಲೆ ಕೆಳಗೆ ಅಲ್ಲಾಡಿಸುತ್ತ ಹುಡುಕುತ್ತಿದ್ದ. ಎರಡನೆಯ ವಾರ ಕೈ ತಾನಾಗಿ ಪಳಗಿತು. ಆಮೇಲೆ ಕತ್ತಲೆಯ ಪಾಠ. ಉಗ್ರಾಣದ ಬಾಗಿಲು ಹಾಕಿಕೊಂಡು, ಚುಕ್ಕೆಯ ಬೆಳಕನ್ನು ಪೂರಾ ತಗ್ಗಿಸಿ, ದೀಪ ಹಚ್ಚಿ ಪ್ಲಮ್ ಜಾಮಿನ ಕಪ್ಪು ಬಾಟಲಿಗಳ ಕಡೆ ಹಿಡಿಯುತ್ತಿದ್ದ. ಬಾಟಲಿಗಳ ಮೇಲೆ ಬಟಾಣಿ ಚೆಂದವಾಗಿ ಕೂರುತ್ತಿತ್ತು. ಗಾಜಿನ ಜೊತೆಗೆ ಬಂದ ಸೂಚನೆಗಳ ಪುಸ್ತಕವನ್ನು ಓದಿದವಳು ಮಾತ್ರ ಮಾರ್ಲಿಸ್.

ನವೆಂಬರಿನ ಆ ಶನಿವಾರ ಬೆಳಿಗ್ಗೆ ಲೋವೆಲ್ ಟ್ರಕ್ಕಿನಿಂದ ಇಳಿದ. ಕಿತ್ತಳೆ ಜಾಕೆಟ್ ಇಸ್ತ್ರಿಯಾಗಿತ್ತು. ಸೊಂಟದಲ್ಲಿ ಅವನ ಹೆಸರಾಂತ ಚರ್ಮದ ಒರೆ ಇರಲಿಲ್ಲ. ಕೈಯಲ್ಲಿ, ಕೆಂಪು ಕೋಳಿಗಳ ಚಿತ್ರವಿದ್ದ ದಪ್ಪ ಬಟ್ಟೆಯ ಚೀಲವೊಂದಿತ್ತು. ಚರ್ಚಿನ ಊಟಕ್ಕೆ ಬಿಸಿ ಹುರುಳಿಕಾಯಿ ಪಾತ್ರೆ ಒಯ್ಯಲು ಮಾರ್ಲಿಸ್ ಹೊಲಿದ ಚೀಲ ಅದು. ದೀಪ ಕಟ್ಟಿದ ಪಿಸ್ತೂಲು ಹಳೆಯ ಒರೆಯೊಳಗೆ ಹೋಗುವುದಿಲ್ಲವೆಂದು ಅವನಿಗೆ ತಿಳಿದದ್ದು ಅವತ್ತು ಬೆಳಿಗ್ಗೆಯಂತೆ.

ಡ್ಯೂಯಿಗೆ ಇಷ್ಟು ಸಾಕಾಯಿತು. "ಏನ್ ಲೋವೆಲ್, ಇವತ್ತು ಊಟ ನಿಂದಾ?"

"ನಿಯಮ ಎರಡು. ಪಿಸ್ತೂಲು ಒರೇಲಾದ್ರೂ ಇರ್ಬೇಕು, ಮುಚ್ಚಿದ ಚೀಲದಲ್ಲಾದ್ರೂ ಇರ್ಬೇಕು. ಚೀಲ ಮುಚ್ಚಿದೆ."

"ಬಿಸಿ ಇದೆಯಾ ಅಂತ ಕೇಳಿದೆ ಅಷ್ಟೇ."

"ಮಧ್ಯಾಹ್ನ ಹನ್ನೆರಡಕ್ಕೆ ಆ ಚೀಲ ನಂಗೆ ವಾಪಸ್ ಬೇಕು," ಎಂದಳು ಹಿಂದೆ ಇಳಿದ ಮಾರ್ಲಿಸ್. "ಗುಂಡಿನ ಮಸಿ ಹತ್ತಿದ್ರೆ ನೀನೇ ಒಗೀಬೇಕು ಲೋವೆಲ್."

ಪಿಸ್ತೂಲು ಹೊರಗೆ ಬಂದಾಗ ನಗು ನಿಂತಿತು. ಬೆನ್ನ ಮೇಲೆ ಗಾಜು, ಗದ್ದದ ಕೆಳಗೆ ದೀಪ. ಆರು ವರ್ಷದ ಟೊಮೇಟೊ ಪುರಾಣ ಕೇಳಿದ್ದ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಟೈಮರ್ ನನ್ನ ಕೈಯಲ್ಲಿತ್ತು. ಅದು ಕೂಗಿತು, ಆರು ತಟ್ಟೆಗಳೂ ಟಣ್ ಟಣ್ ಎಂದು ಬಿದ್ದವು. ಏಳು ಸೆಕೆಂಡು. ಇಷ್ಟು ಚೆನ್ನಾಗಿ ಅವನು ಹೊಡೆದು ಹತ್ತು ವರ್ಷಗಳಾಗಿದ್ದವು. ಡ್ಯೂಯಿ ಟೋಪಿ ತೆಗೆದು ಮತ್ತೆ ಹಾಕಿಕೊಂಡ.

ಇನ್ನು ಶೆಡ್ಡು. ಹಳೆಯ ತಗಡಿನ ಗೋದಾಮಿಗೆ ಒಳಗಿನಿಂದ ಕಪ್ಪು ಪ್ಲಾಸ್ಟಿಕ್ ಹೊಡೆದು ಮಾಡಿದ ಕತ್ತಲೆ. ಬಾಗಿಲ ಬಳಿ ಲೋವೆಲ್ ಪಿಸ್ತೂಲಿನ ಗಾಜಿನ ಪಕ್ಕದ ಗುಂಡಿಯನ್ನು ಒತ್ತಿ ಒತ್ತಿ ಚುಕ್ಕೆಯನ್ನು ತಗ್ಗಿಸಿದ.

ಮಾರ್ಲಿಸ್ ಬಾಗಿಲವರೆಗೆ ಬಂದಳು. "ಲೋವೆಲ್, ದೀಪ ಹಾಕಿದಾಗ ಆ ಮೇಲಿನ ಗುಂಡೀನ ಎರಡ್ ಸಲ..."

"ಪರೀಕ್ಷೆ ಹೊತ್ತಲ್ಲಿ ಯಾರೂ ಮಾತಾಡೋ ಹಾಗಿಲ್ಲ. ನಿಯಮ ಏಳು."

ಮಾರ್ಲಿಸ್ ಬಾಯಿ ಮುಚ್ಚಿದಳು. ಏಳನೆಯ ನಿಯಮ ಬರೆದ ಅಡುಗೆಮನೆಯ ಮೇಜು ಅವಳದೇ ಅಲ್ಲವೇ.

ಬಾಗಿಲು ಹಾಕಿದೆವು. ನಾನು ಅವನ ಹಿಂದೆ ನಿಂತೆ. ಟೈಮರ್ ಕೂಗಿತು, ಅವನು ದೀಪ ಒತ್ತಿದ, ಶೆಡ್ಡಿನ ಆ ತುದಿಯೆಲ್ಲ ಬೆಳ್ಳಗೆ ಉರಿಯಿತು. ಹಿಂದಿನ ವಾರವಷ್ಟೇ ತಟ್ಟೆಗಳಿಗೂ ಹಿಂದಿನ ಹಲಗೆಗೂ ಯಾರೋ ಹೊಸದಾಗಿ ಬಿಳಿ ಬಣ್ಣ ಬಳಿದಿದ್ದರು. ಯಾರೋ ಅಲ್ಲ, ಲೋವೆಲ್ಲೇ. ಗುರಿ ಎಲ್ಲರಿಗೂ ಚೆನ್ನಾಗಿ ಕಾಣಲಿ ಎಂದು ಎರಡು ಸಲ ಬಳಿದಿದ್ದ. ಅಷ್ಟು ಬಿಳುಪಿನ ಮೇಲೆ, ಅಷ್ಟು ತಗ್ಗಿಸಿದ ಬಟಾಣಿ ಎಲ್ಲಿ ಕಾಣಬೇಕು?

ಎರಡು ಸೆಕೆಂಡು, ಮೂರು, ನಾಲ್ಕು. ಅವನು ಪಿಸ್ತೂಲು ಎತ್ತಿಕೊಂಡೇ ನಿಂತಿದ್ದ. ತಟ್ಟೆಗಳು ಏಳೇ ಗಜ ದೂರ. ಅವನ ಕೈ ಹೋದ ವರ್ಷದ ಹಾಗೆ ಅಂದಾಜಿನ ಮೇಲೆ ಹೊಡೆದರೂ ಆರನ್ನೂ ಬೀಳಿಸಬಹುದಿತ್ತು. ಚುಕ್ಕೆ ಕಂಡಿತೋ ಇಲ್ಲವೋ ಅವನಿಗಲ್ಲದೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹೊಡಿ ಮಾರಾಯ, ಹೊಡಿ ಎಂದು ನಾನು ಮನಸ್ಸಿನಲ್ಲೇ ಕೂಗಿಕೊಂಡೆ. ಅವನ ಬೆರಳು ಪಿಸ್ತೂಲಿನ ಕುದುರೆಯ ಹತ್ತಿರಕ್ಕೂ ಹೋಗಲಿಲ್ಲ. ಟೈಮರ್ ಎರಡನೆಯ ಸಲ ಕೂಗಿತು.

ಅವನು ಪಿಸ್ತೂಲು ಖಾಲಿ ಮಾಡಿ, ಎಂದಿನಂತೆ ನನಗೆ ತೋರಿಸಿದ. "ಚುಕ್ಕೆ ಕಾಣ್ಲಿಲ್ಲ. ಹೊಡೀಲಿಲ್ಲ."

"ಬ್ಯಾಟರಿ ಕೈ ಕೊಟ್ಟಿರ್ಬೇಕು," ಎಂದೆ ನಾನು. "ಇನ್ನೊಂದ್ ಸಲ..."

"ಬ್ಯಾಟರಿ ಗಟ್ಟಿಮುಟ್ಟಾಗಿದೆ. ತಗ್ಗಿಸಿದ್ದು ನಾನು. ಬಣ್ಣ ಬಳಿದಿದ್ದು ನಾನು. ಅವಳು ಹೇಳಕ್ಕೆ ಬಂದ್ರೆ ಬಾಯಿ ಮುಚ್ಚಿಸಿದ್ದೂ ನಾನು. ನಿಯಮ ನಾಲ್ಕು ಏನನ್ನುತ್ತೆ?"

ನಾನು ಟೈಮರನ್ನು ಮತ್ತೆ ಸೊನ್ನೆಗೆ ತರಲು ಹೋದೆ.

"ಆ ಕಂಬದ ಪಕ್ಕ ನಿಂತಿದ್ದವನು ನೀನು ಕಣೋ. ನಿಂಗೆ ನಾನು ಓದಿ ಹೇಳ್ಬೇಕಾ?"

ನಾನು ಬಾಗಿಲು ತೆಗೆದೆ. ಅವನು ಹೊರಗೆ ಬಂದು, ಎಲ್ಲರೆದುರು ಜಾಕೆಟ್ ಬಿಚ್ಚಿದ. ಅದರ ಕೆಳಗೆ ಲೋವೆಲ್ ಇಷ್ಟು ಸಣಕಲಾಗಿದ್ದಾನೆಂದು ನಮಗೆ ಗೊತ್ತೇ ಇರಲಿಲ್ಲ.

"ಯಾರು ಹಾಕ್ಕೋತೀರಿ?" ಎಂದ.

ಡ್ಯೂಯಿ ಎರಡು ಹೆಜ್ಜೆ ಹಿಂದೆ ಸರಿದ. "ನಂಗೆ ಬೈಯಕ್ಕೆ ಬರಲ್ಲಪ್ಪ."

ಉಳಿದವರು ಆಕಾಶ ನೋಡಿದರು. ಮಾರ್ಲಿಸ್ ಕೈಗಡಿಯಾರ ನೋಡಿಕೊಂಡಳು. "ಹನ್ನೊಂದು ಹತ್ತು. ಹುರುಳಿಕಾಯಿ ಇನ್ನೂ ಒಲೇಲಿದೆ. ಅಷ್ಟರಲ್ಲಿ ನಾನೊಂದು ಕೈ ನೋಡ್ತೀನಿ. ಪಿಸ್ತೂಲು ಕೊಡು."

ಲೋವೆಲ್ ಕೊಟ್ಟ. ಹೊರಗಿನ ಆರು ತಟ್ಟೆ ಒಂಬತ್ತು ಸೆಕೆಂಡಿನಲ್ಲಿ ಬಿದ್ದವು. ಶೆಡ್ಡಿನ ಬಾಗಿಲಲ್ಲಿ ಅವಳು ಬೆಳಕು ಏರಿಸುವ ಮೇಲಿನ ಗುಂಡಿಯನ್ನು ಒತ್ತಿದಳು, ತಗ್ಗಿಸಿದ್ದೆಲ್ಲ ಹೋಗಿ ಮೇಲೆ ಇನ್ನೆರಡು ಸಲ. ಈ ಸಲ ಟೈಮರ್ ಹಿಡಿದು ಡ್ಯೂಯಿ ಅವಳ ಜೊತೆ ಒಳಗೆ ಹೋದ. ಒಳಗಿನಿಂದ ಬಂದ ಟಣ್ಣುಗಳನ್ನು ನಾವು ಎಣಿಸಿದೆವು. ಲೋವೆಲ್ ಜೋರಾಗಿಯೇ ಎಣಿಸಿದ, ಏಳನೆಯ ನಿಯಮವನ್ನು ಮೊದಲ ಸಲ ಮುರಿದು. ಟೈಮರ್ ಎರಡನೆಯ ಸಲ ಕೂಗುವ ಮೊದಲೇ "ಆರು!" ಎಂದು ಅವನು ಕಿರುಚಿದ್ದು ಗಣಿಯ ಆಚೆ ದಂಡೆಗೂ ಕೇಳಿರಬೇಕು.

ಅವಳು ಹೊರಗೆ ಬಂದಾಗ ಅವನೇ ಜಾಕೆಟ್ ಹಿಡಿದು ತೊಡಿಸಿದ. ಅದು ಅವಳ ಮೊಣಕಾಲಿಗೆ ಬಂತು. ಅವನು ಕಾಲರು ಸರಿಮಾಡಿ, ಸೀಟಿಯನ್ನು ತನ್ನ ಕೊರಳಿನಿಂದ ತೆಗೆದು ಅವಳ ಕೊರಳಿಗೆ ಹಾಕಿದ. ಮಾರ್ಲಿಸ್ ಅವನನ್ನು ಒಂದು ಗಳಿಗೆ ದಿಟ್ಟಿಸಿದಳು. ಅವಳ ಕಣ್ಣು ಒದ್ದೆಯಾಗಿತ್ತು, ದನಿ ಮಾತ್ರ ಆಗಿರಲಿಲ್ಲ.

"ಲೋವೆಲ್, ಕಿವಿಮುಚ್ಚಳ ಎಲ್ಲಿ? ಗೆರೆ ಹತ್ರ ಬರೀ ಕಿವೀಲಿ ಯಾಕೆ ನಿಂತಿದ್ದೀಯ? ಹಿಂದಕ್ಕೆ ಹೋಗು. ಮತ್ತೆ ಆ ತಟ್ಟೆಗಳಿಗೆ ನಾಳೆ ಕಂದು ಬಣ್ಣ ಬಳಿ."

"ಆಯ್ತು," ಎಂದ ಲೋವೆಲ್, ಹಿಂದಕ್ಕೆ ಹೋಗುತ್ತ. ಡ್ಯೂಯಿ ಆ ಕ್ಷಣವನ್ನು ಈಗಲೂ ದಿನಕ್ಕೊಮ್ಮೆ ನೆನೆಸಿಕೊಂಡು ಖುಷಿಪಡುತ್ತಾನೆ.

ಮುಂದಿನ ಗುರುವಾರ ಮಾರ್ಲಿಸ್ "ಗೆರೆ ಖಾಲಿ" ಎಂದಳು. ನಾನು ಕಾಗದ ಅಂಟಿಸಲು ಗುರಿಯ ಕಡೆ ಹೋದೆ. ಆ ಕಂಬದ ಹತ್ತಿರ ಹೋದಾಗೆಲ್ಲ ಒಮ್ಮೆ ಹಿಂದಿರುಗಿ ನೋಡುವುದು ನನ್ನ ಚಟ. ನೋಡಿದೆ. ಮಾರ್ಲಿಸ್ ಗೆರೆಯ ಬಳಿ ನಿಂತು ನಮ್ಮನ್ನು ಎಣಿಸುತ್ತಿದ್ದಳು. ಅವಳ ಹಿಂದೆ, ಬೆಂಚಿನ ಮೇಲೆ, ಕಿವಿಮುಚ್ಚಳ ಹಾಕಿಕೊಂಡು ಕೂತ ಲೋವೆಲ್ ತಾನೂ ಬೆರಳು ಮಡಚುತ್ತ ಎಣಿಸುತ್ತಿದ್ದ. ನಾನು ಕೈ ಎತ್ತಿದೆ. ಅವನು ನನ್ನನ್ನು ಕಂಡು ಒಂದು ಬೆರಳು ಮಡಚಿದ.