ಘಾಟು ಹತ್ತಿದ ಮೀನು

ಹೋದ ವಾರ ರಾಣೆಬೆನ್ನೂರಿನ ಸಂತೆಯಲ್ಲಿ ಮೀನು ಮಾರುವಾಕೆ ಒಂದು ಮೀನಿನ ಕಿವಿರು ಎತ್ತಿ ತೋರಿಸಿದಳು. ಒಳಗೆ ಬ್ಯಾಡಗಿ ಮೆಣಸಿನಕಾಯಿಯಂಥ ಕೆಂಪು.

"ತಾಜಾ ಐತ್ರಿ ಅಕ್ಕಾರ. ಇದು ಉಸಿರಾಡೂದು ಇದರಾಗಿಂದನ. ಬಾಯಾಗ ತಗೊಂಡ ನೀರು ಹಿಂಗ ಹಾದು ಹೋಗತೈತಿ, ನೀರಾಗಿನ ಗಾಳಿ ಇದು ಹಿಡಕೊಳ್ಳತೈತಿ. ಹೊರಗ ತಗದ್ರ ಒದ್ದಿ ಕೂದಲಿನಂಗ ಅಂಟಿಕೊಂತೈತಿ. ಮುಗೀತು."

ಮೀನು ಕೊಳ್ಳುವುದನ್ನು ಮರೆತು ನಿಂತುಬಿಟ್ಟೆ.

ನಾನು ಓದಿದ್ದು ನಾಲ್ಕನೆಯ ಇಯತ್ತೆ. ಆಮೇಲೆ ಬ್ಯಾಡಗಿಯ ನಮ್ಮ ಮನೆಯಲ್ಲೇ ಅವ್ವನ ಜೊತೆ ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಕೂತವಳು. ಅಲ್ಲಿ ಕಲಿತ ವಿದ್ಯೆ ಒಂದೇ: ಯಾರಿಗಾದರೂ ಘಾಟು ಹತ್ತಿ ಬಾಯಿ ಬಿಟ್ಟರೆ ಬಯಲಿಗೆ ಒಯ್ದು ಗಾಳಿ ಹಾಕಬೇಕು.

ಎರಡು ಸಾವಿರದ ಇಸವಿಯ ಆಚೀಚೆ, ಎಂಟು ವರ್ಷದ ನನ್ನ ತಮ್ಮ ಐರಣಿಯ ಹೊಳೆಯಿಂದ ಒಂದು ಮೀನನ್ನು ಬಕೆಟ್ಟಿನಲ್ಲಿ ತಂದು ಸಾಕಿದ್ದ. ಅವನು ಶಾಲೆಗೆ ಹೋದಾಗ ಇಣುಕಿದೆ. ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು, ಮತ್ತೆ ತೆರೆಯುತ್ತಿತ್ತು. ಪಾಪ, ಘಾಟು ಹತ್ತಿದೆ ಅಂದುಕೊಂಡೆ. ನೀವು ನಗುತ್ತೀರಿ, ನಗಿ. ನಾನು ಮಾತ್ರ ಅದನ್ನು ಬೊಗಸೆಯಲ್ಲಿ ಅಂಗಳಕ್ಕೆ ಒಯ್ದು, ಹಸಿ ಗೋಣಿಯ ಮೇಲೆ ಮಲಗಿಸಿ, ಮೊರದಿಂದ ಗಾಳಿ ಬೀಸಿದೆ. ಅದು ಸುಮ್ಮನಾದಾಗ ನಿದ್ದೆ ಹತ್ತಿತೆಂದು ಸಮಾಧಾನಪಟ್ಟೆ ಕೂಡ. ನೀರಿಗೆ ಬಿಟ್ಟರೆ ಹೊಟ್ಟೆ ಮೇಲಾಗಿ ತೇಲಿತು.

ತಮ್ಮ ಬಂದು ಅಳತೊಡಗಿದ. ಹೆದರಿ ಹೇಳಿಬಿಟ್ಟೆ: "ನೀ ರೊಟ್ಟಿ ಚೂರು ಭಾಳ ಹಾಕೀದಿ. ಅದಕ್ಕ ಸತ್ತೈತಿ."

ಅವನು ನಂಬಿದ. ಅಂದಿನಿಂದ ನಾಯಿಗಾಗಲಿ ಕರುವಿಗಾಗಲಿ ಒಂದು ತುತ್ತು ಹಾಕಿದವನಲ್ಲ. ಈಗ ಹಾವೇರಿಯ ಅವನ ಮನೆಯಲ್ಲಿ ಮಗಳು ಗಾಜಿನ ಬೋಗುಣಿಯಲ್ಲಿ ಎರಡು ಮೀನು ಸಾಕಿದ್ದಾಳೆ. ಮೀನಿಗೆ ಕಾಳು ಹಾಕು ಎಂದು ಅವಳು ಕರೆದರೆ, "ಬ್ಯಾಡವ್ವಾ, ನನ್ನ ಕೈ ಛಲೋ ಅಲ್ಲ" ಅನ್ನುತ್ತಾನೆ. ಅದನ್ನು ಕೇಳುತ್ತಲೇ ನಾನು ಅಲ್ಲಿ ಎಷ್ಟು ಸಲ ಚಹಾ ಕುಡಿದಿದ್ದೇನೋ.

ಸಂತೆಯಿಂದ ನೆಟ್ಟಗೆ ಹಾವೇರಿಯ ಬಸ್ಸು ಹತ್ತಿದೆ. ಎಲ್ಲ ಹೇಳಿದೆ, ಮೊರವನ್ನೂ ಬಿಡಲಿಲ್ಲ.

ತಮ್ಮ ಬೋಗುಣಿಯನ್ನೇ ನೋಡುತ್ತ ಕೂತ. "ಇಷ್ಟ ವರ್ಷ, ಅಕ್ಕಾ," ಅಂದ. ಆಮೇಲೆ ನನ್ನ ಕಡೆ ತಿರುಗಿ ಕೇಳಿದ: "ಖರೇನ ಮೀನಿಗೆ ಮೊರದಲೆ ಗಾಳಿ ಹಾಕಿದ್ಯಾ?"

ಹೂಂ ಅಂದೆ. ನಗತೊಡಗಿದ, ನಕ್ಕು ನಕ್ಕು ಕೆಮ್ಮು ಹತ್ತಿ ಬಾಯಿ ಬಿಟ್ಟ. ನಾನು ಗಾಬರಿಯಾಗಿ ಎದ್ದೆ.

"ಏ, ಕುಂದ್ರು ಮಾರಾಯ್ತಿ! ನನ್ನ ಹೊರಗ ಒಯ್ಯಬ್ಯಾಡ!"

ಕಣ್ಣು ಒರೆಸಿಕೊಂಡು ಮಗಳ ಡಬ್ಬಿಯಿಂದ ಒಂದು ಚಿಟಿಕೆ ಕಾಳು ತೆಗೆದ. ಬೋಗುಣಿಯ ಮೇಲೆ ಕೈ ಚಾಚಿದ. ಹಾಕಿದ. ಮೀನುಗಳು ಮೇಲೆ ಬಂದು, ಕೆನ್ನೆಯ ಮುಚ್ಚಳ ತೆರೆಯುತ್ತ, ಮುಚ್ಚುತ್ತ, ನೀರಿನಲ್ಲೇ ಆರಾಮಾಗಿ ಉಸಿರಾಡುತ್ತ ತಿಂದವು.

ನಾನು ಕುಳಿತುಕೊಂಡೆ.