ಬೂದು ಚೀಲಕ್ಕೆ ಬೀಳದ ಚಾದರ

ಆಸ್ಪತ್ರೆಯ ಚಾದರ ಮಡಚುವುದಕ್ಕೆ ಇಬ್ಬರು ಬೇಕು. ಆ ಕಡೆಯ ಎರಡು ಮೂಲೆ ಒಬ್ಬ ಹಿಡಿಯಬೇಕು, ಈ ಕಡೆಯದು ಇನ್ನೊಬ್ಬ. ಜಗ್ಗಿ, ಒದರಿ, ಎದುರುಬದುರು ನಡೆದು ಬಂದು ಮೂಲೆಗೆ ಮೂಲೆ ಕೂಡಿಸಬೇಕು. ಒಬ್ಬನೇ ಮಾಡುತ್ತೇನೆಂದು ಹೊರಟರೆ ಅರ್ಧ ಚಾದರ ನೆಲ ಗುಡಿಸುತ್ತದೆ, ಮತ್ತೆ ಒಗೆಯಬೇಕು. ನಮ್ಮ ಆಸ್ಪತ್ರೆಯ ಲಾಂಡ್ರಿ ಇರುವುದು ನೆಲಮಾಳಿಗೆಯಲ್ಲಿ. ಅಲ್ಲಿ ಆ ಕಡೆಯ ಮೂಲೆ ಹಿಡಿಯುತ್ತಿದ್ದವನು ಇಸ್ತ್ರಿಯಣ್ಣ. ಈ ಕಡೆ ನಾನು.

ನನ್ನ ಕೆಲಸ ಬಾಯ್ಲರ್ ನೋಡಿಕೊಳ್ಳುವುದು. ಅವನು ನನ್ನನ್ನು ಕರೆಯುತ್ತಿದ್ದದ್ದೂ ಹಾಗೇ. ನಾನು ಯಾರ ಮೇಲಾದರೂ ಕೂಗಾಡಿದರೆ, "ಬಾಯ್ಲರಪ್ಪಾ, ಸ್ವಲ್ಪ ಉಗಿ ಬಿಡು, ಇಲ್ಲದಿದ್ರೆ ಸಿಡೀತೀಯ" ಅನ್ನುವನು. ಸಿಟ್ಟು ನೆತ್ತಿಗೇರಿದ್ದರೂ ನಗು ಬಂದುಬಿಡುತ್ತಿತ್ತು.

ಅವನು ಗಡಿಯ ಆಚೆಯವನು. ಹರೆಯದಲ್ಲಿ ಯಾವನೋ ಮೇಸ್ತ್ರಿಯ ಲಾರಿಯಲ್ಲಿ ಮರಳಿನ ಮೇಲೆ ಕೂತು ಬಂದವನು. ಬರುವಾಗ ಕಾಗದಪತ್ರ ಇರಲಿಲ್ಲ, ಆಮೇಲೂ ಆಗಲಿಲ್ಲ. ನಮ್ಮ ಗುತ್ತಿಗೆದಾರನಿಗೆ ಅದೇ ಬೇಕಾಗಿತ್ತು. ಕಾಗದವಿಲ್ಲದವನು ರಜೆ ಕೇಳುವುದಿಲ್ಲ. ಹೆಂಡತಿ ಸತ್ತ ಸುದ್ದಿ ಬಂದಾಗಲೂ ಇಸ್ತ್ರಿಯಣ್ಣ ಹೋಗಲಿಲ್ಲ. ಹೋದರೆ ತಿರುಗಿ ಬರುವ ದಾರಿ ಇಲ್ಲ, ಬರದಿದ್ದರೆ ಮಗಳ ಮದುವೆ ಆಗುವುದಿಲ್ಲ. ಆವತ್ತು ಇಡೀ ದಿನ ದಿಂಬಿನ ಚೀಲಗಳಿಗೆ ಇಸ್ತ್ರಿ ಹಾಕಿದ. ಹಾಕಿದ್ದಕ್ಕೇ ಮತ್ತೆ ಹಾಕಿದ. ನಾನೂ ಒಂದೊಂದೇ ಕೊಡುತ್ತಾ ಹೋದೆ.

ಟೈರು ಅಂಗಡಿಯ ಹಿಂದಿನ ಒಂದು ಕೋಣೆ ಅವನ ಮನೆ. ಮಂಚ, ಸ್ಟೌವು, ಗೋಡೆಯ ಮೇಲೆ ಮಗಳ ಫೋಟೊ. ಫೋಟೊದಲ್ಲಿ ಅವಳು ಕೈಗೂಸು. ಈಗ ಅವಳಿಗೇ ಮಕ್ಕಳು. ಭಾನುವಾರ ಫೋನ್ ಮಾಡುತ್ತಿದ್ದಳು.

"ಏನಂದ್ಲಣ್ಣ ಮಗಳು?"

"ಏನಂತಾಳೆ, ಊಟ ಆಯ್ತಾ ಅಂದ್ಲು. ಆಯ್ತು ಅಂದೆ."

"ಅಷ್ಟೇನಾ?"

"ಮೊಮ್ಮಗನ ಕೈಗೆ ಫೋನ್ ಕೊಟ್ಲು. ಅವನು ಯಾರದು ಅಂದ."

ನಾನು ಒಂದೆರಡು ಸಲ ಅವನನ್ನು ಊಟಕ್ಕೆ ಮನೆಗೆ ಎಳೆದುಕೊಂಡು ಹೋಗಿದ್ದೆ. ಕುರ್ಚಿಯ ತುದಿಯಲ್ಲಿ ಕೂತು ಉಂಡ. ಎದ್ದವನೇ ತನ್ನ ತಟ್ಟೆ ತಾನೇ ತೊಳೆದು ಮೂಲೆಯಲ್ಲಿ ಬೋರಲು ಹಾಕಿದ. "ಅದೇನ್ರೀ ನಿಮ್ಮ ಅಣ್ಣ, ಎಂಜಲು ತಟ್ಟೆ ಮುಟ್ಟೋಕೂ ಬಿಡಲ್ಲ" ಎಂದು ನಮ್ಮ ಮನೆಯವಳು ಬೇಜಾರು ಮಾಡಿಕೊಂಡಳು. ಅವನು ಇರುವುದೇ ಹಾಗೆ. ತನ್ನಿಂದ ಯಾರಿಗೂ ಏನೂ ಕೆಲಸ ಬೀಳಬಾರದು.

ಹೀಗಿರುವಾಗ ಸರ್ಕಾರದಿಂದ ಒಂದು ಆದೇಶ ಬಂತು. ಆಸ್ಪತ್ರೆಗೆ ಬಂದವರನ್ನೆಲ್ಲ ಇಲ್ಲಿರಲು ಕಾಗದ ಇದೆಯಾ ಎಂದು ಕೇಳಬೇಕು. ಇಲ್ಲದವರಿಗೆ ಎಷ್ಟು ಖರ್ಚಾಯಿತು ಎಂದು ಬೇರೆಯಾಗಿ ಬರೆದು ಮೇಲಕ್ಕೆ ಕಳಿಸಬೇಕು. ಔಷಧಿ, ಊಟ, ಎಕ್ಸ್‌ರೇ ಎಲ್ಲ ಆಯ್ತು, ಕೊನೆಗೆ ನಮ್ಮ ಲಾಂಡ್ರಿಗೂ ಬಂತು. ಸೂಪರ್‌ವೈಸರ್ ಒಂದು ಕಟ್ಟು ಬೂದು ಬಣ್ಣದ ಚೀಲ ತಂದು ಹಾಕಿದ. ಅಂಥವರ ಚಾದರ ಇದರಲ್ಲಿ ಇಳಿಯುತ್ತೆ, ತೂಗಿ ಬರೆದುಕೊಂಡು ಒಗೆಯಿರಿ ಎಂದ.

ನನಗೆ ಉರಿದುಹೋಯಿತು. "ಕೊಳೆಗೂ ಊರು ಕೇರಿ ಇರುತ್ತಾ ಸ್ವಾಮಿ?"

"ಯಾರಿಗೂ ಔಷಧಿ ಇಲ್ಲ ಅಂದಿಲ್ಲ ಕಣಯ್ಯ. ಖರ್ಚು ಎಷ್ಟು ಅಂತ ತಿಳ್ಕೊಳ್ಳೋಕೆ ಅಷ್ಟೆ."

"ತಿಳ್ಕೊಂಡು ಏನು ಮಾಡ್ತಾರಂತೆ?"

"ನನ್ನ ಕೇಳ್ತೀಯಲ್ಲ, ನಾನೇನು ಮಂತ್ರಿನಾ?"

ಇಸ್ತ್ರಿಯಣ್ಣ ಮೊದಲ ಬೂದು ಚೀಲವನ್ನು ತಕ್ಕಡಿಯ ಮೇಲಿಟ್ಟ. ಸೂಪರ್‌ವೈಸರನಿಗೆ ಇವನ ವಿಷಯ ಗೊತ್ತಿತ್ತು. ಮುಖ ತಿರುಗಿಸಿಕೊಂಡು ಮೆಟ್ಟಿಲು ಹತ್ತಿದ.

ಒದ್ದೆ ಬಟ್ಟೆ ಎತ್ತಿ ಎತ್ತಿ ಇಸ್ತ್ರಿಯಣ್ಣನಿಗೆ ತೊಡೆಸಂದಿಯಲ್ಲಿ ಕರುಳು ಇಳಿದಿತ್ತು, ಹರ್ನಿಯಾ. ಹರಿದ ಚಾದರದ ಪಟ್ಟಿಯನ್ನು ಸೊಂಟಕ್ಕೆ ಬಿಗಿದುಕೊಂಡು ಓಡಾಡುತ್ತಿದ್ದ. ಮೇಲೆ ಹೋಗಿ ತೋರಿಸು ಎಂದರೆ ಮೊದಲು ನಾಳೆ ಅನ್ನುತ್ತಿದ್ದ. ಬೂದು ಚೀಲ ಬಂದ ಮೇಲೆ ಅದನ್ನೂ ಬಿಟ್ಟ. ಒಂದು ಬೆಳಿಗ್ಗೆ ಚಾದರ ಜಗ್ಗುತ್ತಿದ್ದವನು ತುದಿ ಬಿಟ್ಟು ಕುಸಿದು ಕೂತ. ಮುಖ ಬೆವರಿ ಬಿಳಿಚಿಕೊಂಡಿತ್ತು, ವಾಂತಿ ಬೇರೆ. ಸಿಕ್ಕಿಹಾಕಿಕೊಂಡ ಕರುಳು ಕೊಳೆತರೆ ಮನುಷ್ಯ ಉಳಿಯುವುದಿಲ್ಲ ಎಂದು ನನಗೂ ಗೊತ್ತು.

"ಬೇಡ ಕಣೋ, ಕೇಳ್ತಾರೆ" ಎಂದ.

"ಕೇಳಲಿ! ಸತ್ತ ಮೇಲೆ ಯಾರೂ ಕೇಳಲ್ಲ, ಅದು ಬೇಕಾ?" ಎಂದು ಬೈದು, ಬಟ್ಟೆ ಸಾಗಿಸುವ ತಳ್ಳುಗಾಡಿಯಲ್ಲೇ ಅವನನ್ನು ಮಲಗಿಸಿ ಲಿಫ್ಟಿಗೆ ನುಗ್ಗಿಸಿದೆ.

ಚೀಟಿ ಕೌಂಟರಿನ ಹುಡುಗಿ ಅವನ ಗುರುತು ಹಿಡಿದು ದನಿ ತಗ್ಗಿಸಿದಳು. "ಕೇಳಲೇಬೇಕು ಅಂಕಲ್, ತಪ್ಪು ತಿಳ್ಕೋಬೇಡಿ. ಹೇಳೋಕೆ ಇಷ್ಟ ಇಲ್ಲ ಅಂತಾನೂ ಅನ್ನಬಹುದು."

ಆ ನೋವಿನಲ್ಲೂ ಅವನು ಯೋಚನೆ ಮಾಡಿದ. "ಇಲ್ಲಮ್ಮ, ಕಾಗದ ಇಲ್ಲ. ಇಷ್ಟು ವರ್ಷ ಯಾರೂ ಕೇಳಲಿಲ್ಲ. ಕೇಳಿದ ಮೇಲೆ ಸುಳ್ಳು ಯಾಕೆ?" ವಿಳಾಸ ಕೇಳಿದಳು, ಅದನ್ನೂ ಸರಿಯಾಗಿಯೇ ಹೇಳಿದ.

ಆಪರೇಷನ್ ಆಯಿತು. ಕರುಳು ಉಳಿಯಿತು, ಅವನೂ ಉಳಿದ. ಕಾಗದವಿಲ್ಲದವನು ಎಂಬ ಗುರುತಿಗೆ ಮಂಚದ ಕಾಲಿಗೆ ಬೂದು ಪಟ್ಟಿ ಕಟ್ಟಿದ್ದರು. ನೋಡಲು ಬಿಡುವ ಹೊತ್ತಿನಲ್ಲಿ ಪಕ್ಕದ ಮಂಚಗಳ ಸುತ್ತ ಅತ್ತೆ, ಅಳಿಯ, ಭಾವ, ನಾದಿನಿ ಎಂದು ಸಂತೆಯೇ ನೆರೆದಿತ್ತು. ಇವನು ಗೋಡೆ ಕಡೆ ತಿರುಗಿ ನಿದ್ದೆ ಬಂದವನಂತೆ ಮಲಗಿದ್ದ. ನಾನು ಹೋಗಿ ಸ್ಟೂಲ್ ಎಳೆದ ಸದ್ದಿಗೆ ತಟ್ಟನೆ ಕಣ್ಣು ಬಿಟ್ಟ.

"ಮಗಳಿಗೆ ಹೇಳ್ಲಾ?"

"ಬೇಡ. ಅವಳು ಅಳ್ತಾಳೆ. ಫೋನಿನಲ್ಲಿ ಅತ್ತರೆ ನಾನೇನು ಮಾಡ್ಲಿ?" ಆಮೇಲೆ ಕೈಯಲ್ಲಿ ಚಾದರ ಸವರುತ್ತಾ, "ರಕ್ತದ ಕಲೆ ಬಿದ್ದಿದೆ, ನೋಡು" ಎಂದ.

"ಬೀಳಲಿ ಬಿಡು, ನಾನು ಒಗೀತೀನಿ."

"ಬೂದು ಚೀಲದಲ್ಲಿ ಬರುತ್ತೆ. ನೀನು ತೂಗಬೇಕು."

ಎದ್ದು ಸ್ಟೂಲನ್ನು ಮಂಚದ ಕೆಳಗೆ ತಳ್ಳಿ ಬಂದೆ.

ಮಾರನೆಯ ಬೆಳಿಗ್ಗೆ ಬಾಯ್ಲರ್ ಹಚ್ಚಿ ತಿರುಗಿದರೆ ನೀರಿನ ತೊಟ್ಟಿಯ ಹತ್ತಿರ ಇಸ್ತ್ರಿಯಣ್ಣ! ಆಸ್ಪತ್ರೆಯ ನಿಲುವಂಗಿಯಲ್ಲಿ, ಒಂದು ಕೈ ಹೊಲಿಗೆಯ ಮೇಲಿಟ್ಟುಕೊಂಡು, ಇನ್ನೊಂದು ಕೈಯಲ್ಲಿ ಆ ಕಲೆ ಉಜ್ಜುತ್ತಿದ್ದ. ಹೇಗೆ ಮೆಟ್ಟಿಲಿಳಿದನೋ ಅವನಿಗೇ ಗೊತ್ತು.

"ನಿನಗೇನು ತಲೆ ಕೆಟ್ಟಿದೆಯಾ ಅಣ್ಣ? ಹೊಲಿಗೆ ಬಿಚ್ಚಿಕೊಂಡ್ರೆ?"

"ಕೂಗಬೇಡ. ನನ್ನ ಕೊಳೆಯ ತೂಕ ಸರ್ಕಾರಕ್ಕೆ ಯಾಕೆ? ನನ್ನದು ನಾನು ಒಗೆದುಕೊಂಡ್ರೆ ಆಯ್ತಲ್ಲ. ಒಣಗಿಸಿಕೊಂಡು ಹೋಗಿ ಹಾಸಿಕೊಳ್ತೀನಿ."

ಚಾದರ ಒಣಗಿತು. ಇಬ್ಬರೂ ಹಿಡಿದು ಮಡಚಿದೆವು. ಅವನನ್ನು ನಡೆಸಿಕೊಂಡು ಮೇಲೆ ಹೋದರೆ, ಅವನ ಮಂಚದಲ್ಲಿ ಕಾಲು ಮುರಿದ ಯಾರೋ ಮಲಗಿದ್ದ.

ನಮ್ಮಲ್ಲಿ ಬರೀ ಹಾಸಿಗೆ ಕಂಡಿತು ಎಂದರೆ ರೋಗಿ ಮಂಚ ಬಿಟ್ಟು ಹೋದ ಎಂದೇ ಅರ್ಥ. ವರ್ಷಗಟ್ಟಲೆ ಆ ಮಂಚಗಳ ಚಾದರ ಒಗೆದ ಇಸ್ತ್ರಿಯಣ್ಣ ಎದ್ದವನೇ ಅಭ್ಯಾಸದಿಂದ ಚಾದರದ ಜೊತೆ ದಿಂಬಿನ ಚೀಲ, ಹೊದಿಕೆ ಎಲ್ಲ ಸುತ್ತಿಕೊಂಡು ಇಳಿದಿದ್ದ. ಹೊಸ ಸಿಸ್ಟರ್ ನೋಡಿದ್ದು ಬರೀ ಹಾಸಿಗೆ, ಕಾಲಿಗೆ ಬೂದು ಪಟ್ಟಿ. ಹೇಳದೆ ಓಡಿಹೋಗಿದ್ದಾನೆ ಎಂದು ಬರೆದುಬಿಟ್ಟಿದ್ದಳು. ಓಡಿಹೋದವರ ವಿಷಯ ಠಾಣೆಗೆ ತಿಳಿಸುವುದು ಮೊದಲಿನಿಂದ ಇದ್ದ ನಿಯಮ. ಕಾಗದ ಇಲ್ಲ ಎಂಬುದು, ವಿಳಾಸ ಎಲ್ಲದರ ಸಮೇತ ವರದಿ ಹೋಗಿಯೂ ಆಗಿತ್ತು.

ನಾನು ವಾರ್ಡು ಹಾರಿಹೋಗುವಂತೆ ಕೂಗಾಡಿದೆ. ಆ ಹೊಸ ಸಿಸ್ಟರ್ ಅತ್ತಳು. ಇಸ್ತ್ರಿಯಣ್ಣ ನನ್ನ ತೋಳು ಹಿಡಿದು, "ಬಿಡೋ, ಅವಳು ನೋಡಿದ್ದನ್ನ ಬರೆದಳು" ಎಂದ. ಕೈಯಲ್ಲಿದ್ದ ಚಾದರವನ್ನು ಆ ಕಾಲು ಮುರಿದವನ ಕಾಲ ಬುಡದಲ್ಲಿಟ್ಟ.

ಆಮೇಲೆ ಅವನು ಮಲಗಿದ್ದು ಲಾಂಡ್ರಿಯಲ್ಲೇ, ಬಾಯ್ಲರಿನ ಬಿಸಿ ತಾಗುವ ಮೂಲೆಯಲ್ಲಿ, ಕಂಬಳಿಗಳ ರಾಶಿಯ ಮೇಲೆ. ಹಿರಿಯ ಸಿಸ್ಟರ್ ಡ್ಯೂಟಿ ಮುಗಿಸಿಕೊಂಡು ಇಳಿದು ಬಂದು ಗಾಯದ ಪಟ್ಟಿ ಬದಲಿಸುತ್ತಿದ್ದರು. ಅದನ್ನು ಯಾರೂ ಎಲ್ಲೂ ಬರೆಯಲಿಲ್ಲ. ಸೂಪರ್‌ವೈಸರ್ ಬಂದರೂ ಆ ಮೂಲೆ ನೋಡುತ್ತಿರಲಿಲ್ಲ. ಟೈರು ಅಂಗಡಿಯವನು ಹೇಳಿ ಕಳಿಸಿದ: ಪೊಲೀಸರು ಬಂದು ಕೇಳಿ ಹೋದರು, ಕೋಣೆಗೆ ಬರಬೇಡ ಅನ್ನು. ನಾನೇ ಹೋಗಿ ಮಗಳ ಫೋಟೊ ತಂದೆ.

"ನಮ್ಮ ಮನೇಲಿ ಇರು ಬಾ."

"ನಿನ್ನ ಹೆಂಡತಿ ಮಕ್ಕಳು ಇರೋ ಮನೆಗೆ ಪೊಲೀಸರನ್ನ ಕರ್ಕೊಂಡು ಬರ್ಲಾ?"

"ಬಂದ್ರೆ ನಾನು ಮಾತಾಡ್ತೀನಿ."

"ಅದೇ ಭಯ" ಎಂದು ನಕ್ಕ. ನಕ್ಕರೆ ಹೊಲಿಗೆ ಎಳೆಯುತ್ತಿತ್ತು, ಹೊಟ್ಟೆ ಹಿಡಿದುಕೊಂಡೇ ನಕ್ಕ.

ಹೊಲಿಗೆ ಬಿಚ್ಚಿದ ಮೇಲೆ ಒಂದು ಮಧ್ಯಾಹ್ನ ನಾನು ಊಟ ಮುಗಿಸಿ ಬರುವಷ್ಟರಲ್ಲಿ ಇರಲಿಲ್ಲ. ಕಂಬಳಿಗಳು ಒಗೆದು ತಂತಿಯ ಮೇಲೆ ಹರಡಿದ್ದವು. ಊರಿಗೆ ಹೋದನೋ, ಇನ್ಯಾವ ಊರಿನಲ್ಲಿ ಯಾರ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಾನೋ ಗೊತ್ತಿಲ್ಲ. ಮಗಳ ನಂಬರ್ ನಾನು ಯಾವತ್ತೂ ಕೇಳಿರಲಿಲ್ಲ.

ಬೂದು ಚೀಲಗಳು ಈಗ ಬರುವುದೇ ಅಪರೂಪ. ಅಂಥವರು ಆಸ್ಪತ್ರೆಗೆ ಬರುವುದನ್ನೇ ಬಿಟ್ಟಿದ್ದಾರೆ. ಖರ್ಚು ಇಳಿದಿದೆ ಎಂದು ಸೂಪರ್‌ವೈಸರ್ ಹೇಳುತ್ತಾನೆ, ದನಿಯಲ್ಲಿ ಖುಷಿ ಇರುವುದಿಲ್ಲ. ಇಸ್ತ್ರಿಯಣ್ಣನ ಜಾಗಕ್ಕೆ ಗುತ್ತಿಗೆದಾರ ಇನ್ನೂ ಯಾರನ್ನೂ ಕಳಿಸಿಲ್ಲ. ಗೋಡೆಗೆ ಎರಡು ಕೊಕ್ಕೆ ಹೊಡೆದಿದ್ದೇನೆ. ಚಾದರದ ಆ ಕಡೆಯ ಮೂಲೆಗಳನ್ನು ಅವಕ್ಕೆ ಸಿಕ್ಕಿಸಿ, ಈ ಕಡೆಯದನ್ನು ಹಿಡಿದು ಜಗ್ಗುತ್ತೇನೆ. ಕೊಕ್ಕೆ ಎದುರು ನಡೆದು ಬರುವುದಿಲ್ಲ. ನಾನೇ ಗೋಡೆಯವರೆಗೂ ಹೋಗುತ್ತೇನೆ.