ಸ್ನಿಪ್ಪಲ್ ಮಿಸ್

ಶಿಶುವಿಹಾರದಲ್ಲಿ ಅವರನ್ನು ಎಲ್ಲರೂ ಸ್ನಿಪ್ಪಲ್ ಮಿಸ್ ಎಂದೇ ಕರೆಯುತ್ತಿದ್ದರು. ಸ್ನಿಪ್ಪಲ್ ಎಂದರೆ ಏನೆಂದು ಯಾವ ನಿಘಂಟು ತೆಗೆದರೂ ಸಿಗುವುದಿಲ್ಲ. ಹತ್ತೊಂಬತ್ತು ವರ್ಷದ ಹಿಂದೆ, ಅವರು ಕೆಲಸಕ್ಕೆ ಸೇರಿದ ಮೊದಲ ವಾರ, ಮಗುವೊಂದು ಅಮ್ಮ ಬೇಕೆಂದು ಬಾಗಿಲು ಬಡಿದು ಅಳುತ್ತಿತ್ತು. ಕಲಿತು ಬಂದಿದ್ದ ಇಂಗ್ಲಿಷ್ ಪದ್ಯಗಳೆಲ್ಲ ಆ ಗಲಾಟೆಯಲ್ಲಿ ಮರೆತುಹೋಗಿ, ಮಿಸ್ ಬಾಯಿಗೆ ಬಂದದ್ದನ್ನು ಹಾಡಿಬಿಟ್ಟರು:

"ಗ್ಲಿಂಬರ್ ಗ್ಲಾಂಬರ್, ಶಟ್ ದ ಡೋರ್,
ಸ್ನಿಪ್ಪಲ್ ಸ್ಲೀಪಿಂಗ್ ಆನ್ ದ ಫ್ಲೋರ್."

ಮಗು ಅಳು ನಿಲ್ಲಿಸಿ ನೆಲ ನೋಡಿತು. ಬಾಗಿಲ ಬಳಿ ಏನೋ ಮಲಗಿದೆ, ಅದನ್ನು ಎಬ್ಬಿಸಬಾರದು. ತುದಿಗಾಲಲ್ಲಿ ನಡೆದು ಬಂದು ಮಿಸ್ ಬೆರಳು ಹಿಡಿದುಕೊಂಡಿತು.

ಹಾಡ್ತಾ ಹಾಡ್ತಾ ರಾಗ ಅನ್ನುತ್ತಾರಲ್ಲ, ಹಾಗೆಯೇ ಆಯಿತು. ನೀರು ಕುಡಿಯದ ಮಗುವಿಗೊಂದು, ಶೂ ಹಾಕಿಕೊಳ್ಳದ ಹಠಮಾರಿಗೊಂದು ಪದ್ಯ ಹುಟ್ಟಿತು. ಅರ್ಧ ಇಂಗ್ಲಿಷ್, ಇನ್ನರ್ಧ ಯಾವ ಭಾಷೆಯೋ ದೇವರಿಗೇ ಗೊತ್ತು. ಸ್ನಿಪ್ಪಲ್‌ಗೆ ಎರಡು ಬಾಲ ಎಂದು ಒಬ್ಬ ಸೇರಿಸಿದ. ಅದಕ್ಕೆ ಸೋಪು ಕಂಡರೆ ಭಯ ಎಂದು ಇನ್ನೊಬ್ಬಳು. ತರಗತಿಯ ಬಾಗಿಲನ್ನು ಎಲ್ಲರೂ ತುದಿಗಾಲಲ್ಲೇ ದಾಟುವುದು ರೂಢಿಯಾಯಿತು. ಮಿಸ್ ಮಾತ್ರ ಒಂದು ಸಾಲನ್ನೂ ಬರೆದಿಡಲಿಲ್ಲ. ಬರೆದಿಟ್ಟಿದ್ದರೆ ಈ ಕಥೆ ಬೇರೆಯಾಗುತ್ತಿತ್ತು.

ಈ ವರ್ಷ ಶಾಲೆ ಹೊಸ ಆಡಳಿತದ ಕೈಗೆ ಹೋಯಿತು. ಹೊಸ ಪ್ರಿನ್ಸಿಪಾಲರು ಕೆಟ್ಟವರೇನಲ್ಲ, ನಗುನಗುತ್ತಲೇ ಕತ್ತರಿ ಹಾಕುವವರು. ಒಂದು ದಿನ ಹಾಡು ಕೇಳಿಸಿಕೊಂಡು ಮಿಸ್ ಅವರನ್ನು ಕೊಠಡಿಗೆ ಕರೆಸಿದರು.

"ಇವು ಯಾವ ಪುಸ್ತಕದ್ದು?"

ನಾನೇ ಕಟ್ಟಿದ್ದು ಎನ್ನಲು ಮಿಸ್‌ಗೆ ಬಾಯಿ ಬರಲಿಲ್ಲ. "ಹಳೇ ಪುಸ್ತಕ. ಮನೇಲಿದೆ" ಎಂದುಬಿಟ್ಟರು.

"ಸೋಮವಾರ ತನ್ನಿ. ಕಮಿಟಿಯವರು ನೋಡ್ಬೇಕಂತೆ. ಪುಸ್ತಕದಲ್ಲಿಲ್ಲದ ಇಂಗ್ಲಿಷ್ ಕಲಿಸೋರನ್ನ ಇಟ್ಕೊಳ್ಳೋದು ಕಷ್ಟ ಅಂತಿದ್ದಾರೆ."

ಮನೆಗೆ ಬಂದಾಗ ಮಿಸ್ ಮುಖದಲ್ಲಿ ರಕ್ತವಿರಲಿಲ್ಲ. ಜೊತೆಗಿದ್ದ ಅಕ್ಕ ಹೊಲಿಗೆ ಮಷಿನ್ ನಿಲ್ಲಿಸಿ ಎಲ್ಲ ಕೇಳಿದಳು.

"ಇಲ್ಲದ ಪುಸ್ತಕ ಎಲ್ಲಿಂದ ತರ್ತೀಯೇ? ಕೂತ್ಕೊಂಡು ಬರಿ. ಇಷ್ಟು ವರ್ಷ ಹಾಡಿದ್ದೀಯಲ್ಲ."

ಶನಿವಾರವಿಡೀ ಮಿಸ್ ನೋಟ್‌ಬುಕ್ ಮುಂದೆ ಕೂತರು. ಗ್ಲಿಂಬರ್ ಗ್ಲಾಂಬರ್ ಬಂತು, ಅಲ್ಲಿಗೆ ನಿಂತಿತು. ಎದುರಿಗೆ ಅಳುವ ಮಗುವಿಲ್ಲದೆ ಅವರಿಗೆ ಒಂದು ಪದವೂ ಹೊಳೆಯುವುದಿಲ್ಲ ಎಂಬುದು ಆಗಲೇ ಗೊತ್ತಾದದ್ದು. ಭಾನುವಾರ ಮಧ್ಯಾಹ್ನ ಅಕ್ಕ ನೋಡಲಾರದೆ ನೆಲದ ಮೇಲೆ ಕಾಲು ಚಾಚಿ ಕೂತಳು.

"ನಾನೇ ಅಳ್ತೀನಿ, ಹಾಡು. ಅಮ್ಮ ಬೇಕೂ..."

ಐವತ್ತೆಂಟರ ಅಕ್ಕನ ಆ ಅವತಾರ ಕಂಡು ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನಗುತ್ತಲೇ ಅಕ್ಕನಿಗೆ ನಿಜವಾದ ಅಳು ಬಂತು. ಆದರೂ ಪದ್ಯ ಬರಲಿಲ್ಲ.

ಸೋಮವಾರ ಉದ್ದ ಮೇಜಿನ ಆಚೆ ಪ್ರಿನ್ಸಿಪಾಲರ ಜೊತೆ ಕಮಿಟಿಯ ಮೂವರು ಕೂತಿದ್ದರು. ಮಿಸ್ ನಿಜ ಹೇಳಿದರು: ಪುಸ್ತಕವಿಲ್ಲ, ಎಲ್ಲ ನಾನೇ ಕಟ್ಟಿದ್ದು. ಒಂದು ಹೇಳಿ ಎಂದರು ಕಮಿಟಿಯವರು. ಮಿಸ್ ಹೇಳಿದರು. ಆ ಕೊಠಡಿಯಲ್ಲಿ ಅದು ಹುಚ್ಚರ ಬಡಬಡಿಕೆಯಂತೆ ಕೇಳಿಸಿತು.

"ಸ್ನಿಪ್ಪಲ್ ಅಂದ್ರೇನು?" ಎಂದರು ನಡುವೆ ಕೂತಿದ್ದ ಕನ್ನಡಕದವರು.

"ನಂಗೊತ್ತಿಲ್ಲ ಸರ್. ಮಕ್ಕಳಿಗೆ ಗೊತ್ತು. ಒಂದು ಮಗೂನ ಕರೆಸಿ, ದಮ್ಮಯ್ಯ ಅಂತೀನಿ."

ಹತ್ತೊಂಬತ್ತು ವರ್ಷದ ಅನ್ನ, ಅದಕ್ಕಿಂತ ಹೆಚ್ಚಾಗಿ ಹತ್ತೊಂಬತ್ತು ವರ್ಷದ ಮರ್ಯಾದೆ, ಎರಡೂ ಆ ಮಗುವಿನ ಬಾಯಲ್ಲಿದ್ದವು. ಆಯಾ ಒಬ್ಬಳು ಪುಟ್ಟಿ ಎಂಬ ಹುಡುಗಿಯನ್ನು ಕರೆತಂದಳು. ತರಗತಿಯಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಹಾಡುತ್ತಿದ್ದವಳು ಅವಳೇ. ಮಿಸ್ ಮಂಡಿಯೂರಿ ಕೂತು ಸಾಲು ಎತ್ತಿಕೊಟ್ಟರು.

"ಗ್ಲಿಂಬರ್ ಗ್ಲಾಂಬರ್..."

ಹುಡುಗಿ ಮಿಸ್ ಮುಖ ನೋಡಿದಳು, ಮೇಜಿನತ್ತ ನೋಡಿದಳು.

"ಅಮ್ಮ ಹಾಡ್ಬೇಡ ಅಂದಿದ್ದಾಳೆ ಮಿಸ್. ಅದು ತಪ್ಪು ಇಂಗ್ಲಿಷಂತೆ. ಹಾಡಿದ್ರೆ ಹೊಡೀತಾಳೆ."

ಪ್ರಿನ್ಸಿಪಾಲರು ಹೋಗಮ್ಮ ಎಂದರು. ಮೊದಲೇ ಟೈಪ್ ಮಾಡಿಸಿದ್ದ ರಾಜೀನಾಮೆಯ ಕಾಗದವೊಂದನ್ನು ಮೇಜಿನ ಮೇಲೆ ಮುಂದಕ್ಕೆ ಸರಿಸಿದರು.

ಬಾಗಿಲ ಬಳಿ ಹೋದ ಹುಡುಗಿ ನಿಂತಳು. ನೆಲ ನೋಡಿದಳು. ಆಮೇಲೆ ಹಿಮ್ಮಡಿ ಎತ್ತಿ, ಉಸಿರು ಬಿಗಿಹಿಡಿದು, ತುದಿಗಾಲಲ್ಲಿ ಹೊಸ್ತಿಲು ದಾಟಿದಳು.

ಮೇಜಿನ ಆಚೆಯವರೆಲ್ಲ ಕಾಗದ ನೋಡುತ್ತಿದ್ದರು. ಕಂಡದ್ದು ಮಿಸ್ ಒಬ್ಬರಿಗೇ. ಅಲ್ಲಿ ನೋಡಿ ಸರ್ ಎನ್ನಲು ಬಾಯಿ ತೆರೆದರು. ಹೇಳಿದರೆ ವಿಷಯ ಅವಳ ಅಮ್ಮನ ಕಿವಿಗೆ ಬಿದ್ದೇ ಬೀಳುತ್ತದೆ. ಸಂಜೆ ಮಗುವಿನ ಬೆನ್ನಿನ ಮೇಲೆ ಏಟು ಬೀಳುತ್ತದೆ.

ಮಿಸ್ ಬಾಯಿ ಮುಚ್ಚಿಕೊಂಡರು. ಪೆನ್ನು ಕೇಳಿ ಪಡೆದು, ತೋರಿಸಿದ ಜಾಗದಲ್ಲಿ ಸಹಿ ಹಾಕಿದರು.